ಅಳಿಸಬೇಡಿ

ಆ ನೋಟೀಸನ್ನು ಗೋಡೆಗೆ ಅಂಟಿಸಿದವಳು ಅವಳೇ. ಹದಿನೈದು ವರ್ಷದಿಂದ, ವರ್ಷಕ್ಕೊಂದು ಸಲ, ಅವಳೇ ಅಂಟಿಸುತ್ತ ಬಂದಿದ್ದಳು. ಗಣಿತ ಶಿಕ್ಷಕರ ತರಬೇತಿ, ಪ್ರವೇಶಕ್ಕೆ ಬೇಕಾದ ಅರ್ಹತೆಗಳು. ಒಂದು, ಗಣಿತದಲ್ಲಿ ಪದವಿ, ನೂರಕ್ಕೆ ಐವತ್ತೈದು ಅಂಕ. ಎರಡು, ವಯಸ್ಸು ಮೂವತ್ತೈದು ತುಂಬಿರಬಾರದು. ಮೂರು, ಲಿಖಿತ ಪರೀಕ್ಷೆ. ನಾಲ್ಕು, ಈಗ ಕೆಲಸ ಮಾಡುವ ಕಡೆಯ ಮುಖ್ಯಸ್ಥರಿಂದ ನಡತೆ ಪತ್ರ. ಐದು, ಸಂದರ್ಶನ. ಮೊದಲ ಸಲ ಅಂಟಿಸಿದಾಗ ಈ ಐದರಲ್ಲಿ ಅವಳ ಬಳಿ ಇದ್ದದ್ದು ಒಂದೇ, ವಯಸ್ಸು. ಈಗ ಪದವಿ ಇತ್ತು, ವಯಸ್ಸು ಕೈಬಿಡುವುದರಲ್ಲಿತ್ತು. ಮೂವತ್ತೈದು ತುಂಬಲು ಐದು ತಿಂಗಳು ಬಾಕಿ. ಈ ವರ್ಷ ತಪ್ಪಿದರೆ ಇನ್ನು ಯಾವ ವರ್ಷವೂ ಇಲ್ಲ.

ಗಣಿತ ವಿಭಾಗದಲ್ಲಿ ಅವಳನ್ನು ಎಲ್ಲರೂ ಬೋರ್ಡಮ್ಮ ಅನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಹನ್ನೊಂದು ಕೋಣೆ, ಹನ್ನೊಂದು ಬೋರ್ಡು, ದಿನಕ್ಕೆರಡು ಸಲ. ನಡುವೆ ನಾಲ್ಕು ಕಕ್ಕಸು, ಎರಡು ಮಹಡಿಯ ಮೆಟ್ಟಿಲು, ಮೇಷ್ಟ್ರುಗಳು ಕುಡಿದಿಟ್ಟ ಲೋಟಗಳು. ಸ್ಟೂಲು ಹತ್ತಬೇಕು, ಇಳಿಯಬೇಕು, ಸ್ಟೂಲು ಜರುಗಿಸಬೇಕು, ಮತ್ತೆ ಹತ್ತಬೇಕು. ಸೀಮೆಸುಣ್ಣದ ಪುಡಿ ಮೂಗಿಗೆ, ಗಂಟಲಿಗೆ, ತಲೆಗೂದಲಿಗೆ. ಬಲಗೈ ಭುಜಕ್ಕಿಂತ ಮೇಲೆತ್ತಿದರೆ ಕಳಕ್ ಅನ್ನುತ್ತಿತ್ತು. ಬೆರಳ ತುದಿ ಸೀಳಿ, ಸೋಪು ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅವಳಿಗಿಂತ ಮೊದಲು ಅವಳಮ್ಮ ಇದೇ ಕೆಲಸವನ್ನು ಇಪ್ಪತ್ತೆರಡು ವರ್ಷ ಮಾಡಿ, ಮಂಡಿ ಕಳೆದುಕೊಂಡು ಮನೆಯಲ್ಲಿ ಕೂತಿದ್ದಳು. ಮಗಳಿಗೆ ಅಮ್ಮ ಬಿಟ್ಟ ಆಸ್ತಿ ಒಂದು ಮಾತು ಅಷ್ಟೇ.

"ಮೇಲಿಂದ ಕೆಳಕ್ಕೆ ಒರೆಸು, ಒಂದೇ ಎಳೆತ. ಅಡ್ಡಡ್ಡ ಒರೆಸಿದ್ರೆ ಗೆರೆ ಉಳಿಯುತ್ತೆ, ಬೈಸ್ಕೋತೀಯ."

ಮಗಳು ಅದಕ್ಕೆ ತನ್ನದೊಂದು ಮಾತು ಸೇರಿಸಿಕೊಂಡಳು. ಓದದೆ ಒರೆಸಬಾರದು. ಮೊದಲ ವರ್ಷ ಸ್ಟೂಲಿನ ಮೇಲೆ ನಿಂತು ಎಷ್ಟು ಓದಿದರೂ ತಲೆಬುಡ ತಿಳಿಯಲಿಲ್ಲ. ಮೂರನೇ ವರ್ಷಕ್ಕೆ, ಮೇಲಿನ ಸಾಲಿನಿಂದ ಕೆಳಗಿನ ಸಾಲು ಹೇಗೆ ಹುಟ್ಟಿತು ಅನ್ನುವುದು ಕಾಣತೊಡಗಿತು. ಆಗ ಅಲ್ಲೊಬ್ಬ ಮುದುಕ ಮೇಷ್ಟ್ರಿದ್ದರು. ಒರೆಸುವವಳು ಓದುತ್ತಿದ್ದಾಳೆ ಅನ್ನುವುದನ್ನು ಒಂದು ದಿನ ಬಾಗಿಲಲ್ಲಿ ನಿಂತು ನೋಡಿದರು. ಮಾರನೇ ದಿನದಿಂದ ಬೋರ್ಡಿನ ಮೂಲೆಯಲ್ಲಿ ಅವಳಿಗೆಂದು ಒಂದು ಲೆಕ್ಕ ಬಿಟ್ಟು ಹೋಗುತ್ತಿದ್ದರು. ಅವಳು ಉತ್ತರ ಬರೆದು, ಆ ಮೂಲೆಯೊಂದನ್ನು ಒರೆಸದೆ ಬಿಡುತ್ತಿದ್ದಳು. ನಿವೃತ್ತರಾಗುವ ದಿನ ಅವರು ಬರೆದದ್ದು ಲೆಕ್ಕವಲ್ಲ, ಒಂದು ಬುದ್ಧಿಮಾತು: ಎರಡೂ ಕಡೆಯಿಂದ ಏನನ್ನಾದರೂ ಹೊಡೆದುಹಾಕುವ ಮೊದಲು ಕೇಳಿಕೋ, ಅದು ಸೊನ್ನೆಯಾ ಅಂತ.

ಆಮೇಲೆ ಅವಳು ಅಂಚೆ ಶಿಕ್ಷಣಕ್ಕೆ ಹೆಸರು ಕೊಟ್ಟಳು. ಮೂರು ವರ್ಷದ ಪದವಿಗೆ ಆರು ವರ್ಷ ಹಿಡಿಯಿತು. ನೂರಕ್ಕೆ ಅರವತ್ತೆರಡು.

ಮುದುಕ ಮೇಷ್ಟ್ರ ಜಾಗಕ್ಕೆ ಬಂದವನನ್ನು ಹುಡುಗರು ಹಿಂದಿನಿಂದ ಕರಿಕೋಟು ಅನ್ನುತ್ತಿದ್ದರು. ಎಂಥ ಬೇಸಿಗೆಯಲ್ಲೂ ಕರಿಕೋಟು ಬಿಚ್ಚಿದವನಲ್ಲ. ಬಂದ ಎರಡೇ ವರ್ಷಕ್ಕೆ ವಿಭಾಗದ ಮುಖ್ಯಸ್ಥನಾದ. ಪಾಠ ಮಾಡುತ್ತಿದ್ದದ್ದು ಹಳದಿಗಟ್ಟಿದ ನೋಟ್ಸು ನೋಡಿಕೊಂಡು, ಅವಸರದಲ್ಲಿ. ವಾರಕ್ಕೆರಡು ತಪ್ಪು ಗ್ಯಾರಂಟಿ. ಯಾವುದಾದರೂ ಬೋರ್ಡು ಮರುದಿನಕ್ಕೂ ಉಳಿಯಬೇಕಾದರೆ ಮೂಲೆಯಲ್ಲಿ ದಪ್ಪಗೆ 'ಅಳಿಸಬೇಡಿ' ಅಂತ ಬರೆದು, ಕೆಳಗೆ ಸಹಿ ಬೇರೆ ಹಾಕುತ್ತಿದ್ದ. ಅಂಥ ಬೋರ್ಡಿನಲ್ಲಿ ಬಿಟ್ಟುಹೋದ ಮೈನಸ್ ಗುರುತುಗಳನ್ನು ನೆಲ ಒರೆಸುವ ನೆಪದಲ್ಲಿ ಅವಳು ಹಾಕಿ ಬರುತ್ತಿದ್ದಳು. ಮಕ್ಕಳು ತಪ್ಪು ಕಲಿಯಬಾರದು ಅಂತ. ಅವನ ಮಾನ ಉಳಿಸಬೇಕು ಅಂತಲ್ಲ. ಆದರೆ ಉಳಿದದ್ದು ಅವನ ಮಾನವೇ, ಇರಲಿ.

ನಡತೆ ಪತ್ರಕ್ಕೆ ಅವನ ಬಳಿಯೇ ಹೋಗಬೇಕಿತ್ತು. ಮುಖ್ಯಸ್ಥ ಅವನೇ ತಾನೆ.

"ಸೋಪು ಖಾಲಿ ಆಯ್ತಾ?" ಅಂದ, ತಲೆ ಎತ್ತದೆ.

"ಇಲ್ಲ ಸಾರ್. ನಡತೆ ಪತ್ರ ಬೇಕಿತ್ತು."

"ಯಾರಿಗೆ?"

"ನನಗೇ ಸಾರ್. ಟೀಚರ್ ತರಬೇತಿಗೆ ಅರ್ಜಿ ಹಾಕ್ತಿದ್ದೀನಿ."

ಆಗ ತಲೆ ಎತ್ತಿದ. ಅವಳ ಪದವಿ ಪತ್ರವನ್ನು ಒದ್ದೆ ಬಟ್ಟೆ ಹಿಡಿದಂತೆ ಎರಡೇ ಬೆರಳಲ್ಲಿ ಹಿಡಿದು ನೋಡಿದ.

"ಅಂಚೆಯಲ್ಲಿ ಬಂದ ಡಿಗ್ರಿನಾ?"

"ಬಂದದ್ದು ಅಂಚೆಯಲ್ಲಿ ಸಾರ್. ಪರೀಕ್ಷೆ ಬರೆದದ್ದು ನಾನು, ಅಂಚೆಯವನಲ್ಲ."

"ಬಾಯಿ ಚೆನ್ನಾಗಿ ಬಂದಿದೆ ನಿನಗೆ" ಅಂದ. "ಅಲ್ಲಮ್ಮ, ನೀನು ಟೀಚರ್ ಆಗೋಕೆ ಹೋದ್ರೆ ಇಲ್ಲಿ ಬೋರ್ಡ್ ಯಾರು ಒರೆಸ್ತಾರೆ?"

ಆ ಪ್ರಶ್ನೆಗೆ ಅವಳ ಬಳಿ ಅವತ್ತು ಉತ್ತರ ಇರಲಿಲ್ಲ. ಮೂರು ದಿನ ಓಡಾಡಿಸಿದ. ಮೂರನೇ ದಿನ ತನ್ನ ಕೋಣೆಯ ಫ್ಯಾನು, ಕಿಟಕಿ, ಕಪಾಟಿನ ಹಿಂದಿನ ಜೇಡರ ಬಲೆ ಎಲ್ಲ ತೆಗೆಸಿದ. ಆಮೇಲೆ ಸಹಿ ಹಾಕಿ ಕೊಟ್ಟ. ಮೆಟ್ಟಿಲ ಮೇಲೆ ನಿಂತು ಓದಿದಳು. "ಈಕೆಯ ನಡತೆ ಉತ್ತಮವಾಗಿದೆ. ಶುಚಿಗೊಳಿಸುವ ಕೆಲಸಕ್ಕೆ ಈಕೆಗಿಂತ ಯೋಗ್ಯರು ಸಿಗಲಾರರು." ಹೊಗಳಿದ ಹಾಗೆ ಮಾಡಿ ಹೂತಿದ್ದ ಮಹರಾಯ.

ಮನೆಗೆ ಬಂದು ಅಮ್ಮನಿಗೆ ಓದಿ ಹೇಳಿದಳು. ಅಮ್ಮ ಮಂಡಿ ನೀವಿಕೊಳ್ಳುತ್ತ ಕೇಳಿಸಿಕೊಂಡಳು.

"ನಡತೆ ಚೆನ್ನಾಗಿದೆ ಅಂತ ಇದೆ ತಾನೆ?"

"ಇದೆ."

"ಹಂಗಾದ್ರೆ ಕೊಡು. ಎರಡನೇ ಸಾಲು ಅವನ ಬುದ್ಧಿ, ನಿನ್ನ ನಡತೆ ಅಲ್ಲ."

ಪರೀಕ್ಷೆಯ ದಿನ ಬೆಳಗ್ಗೆ ಆರಕ್ಕೇ ಹೋಗಿ ಹಾಲಿನ ನೆಲ ಒರೆಸಿದಳು, ಬೆಂಚು ಒರೆಸಿದಳು, ಇನ್ನೂರ ಹನ್ನೆರಡು ನಂಬರ್ ಚೀಟಿ ಅಂಟಿಸಿದಳು. ಒಂಬತ್ತಕ್ಕೆ ಕೈ ತೊಳೆದುಕೊಂಡು, ತಾನೇ ಚೀಟಿ ಅಂಟಿಸಿದ ಒಂದು ಬೆಂಚಿನಲ್ಲಿ ಕೂತಳು. ಪಕ್ಕದ ಹುಡುಗಿ ಅವಳನ್ನು ಬೆಳಗ್ಗೆ ಪೊರಕೆಯ ಜೊತೆ ನೋಡಿದ್ದಳು.

"ಆಂಟಿ, ಇಲ್ಲಿ ನೀರು ಚೆಲ್ಲಿದೆ. ಸ್ವಲ್ಪ ಒರೆಸ್ತೀರಾ?"

"ಪರೀಕ್ಷೆ ಮುಗೀಲಿ ಕಣಮ್ಮ" ಅಂದಳು.

ಹದಿನೆಂಟನೇ ಪ್ರಶ್ನೆ ಹೀಗಿತ್ತು. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೂ, ಏಳರಿಂದ ಗುಣಿಸಿದರೂ ಒಂದೇ ಉತ್ತರ ಬರುತ್ತದೆ. ಆ ಸಂಖ್ಯೆ ಎಷ್ಟು? ಒಬ್ಬ ಹುಡುಗಿ ಇದನ್ನು ಹೀಗೆ ಬಿಡಿಸಿದ್ದಾಳೆ: ಎರಡೂ ಕಡೆ ಅದೇ ಸಂಖ್ಯೆ ಇದೆ, ಎರಡನ್ನೂ ಹೊಡೆದುಹಾಕಿದೆ, ಉಳಿದದ್ದು ಏಳು, ಆದ್ದರಿಂದ ಉತ್ತರ ಏಳು ಮಾತ್ರ. ಈ ಉತ್ತರಕ್ಕೆ ನಾಲ್ಕರಲ್ಲಿ ಎಷ್ಟು ಅಂಕ ಕೊಡುತ್ತೀರಿ? ಯಾಕೆ?

ಅವಳಿಗೆ ಮುದುಕ ಮೇಷ್ಟ್ರು ನೆನಪಾದರು. ಬರೆದಳು: "ಎರಡು ಅಂಕ. ಏಳು ಸರಿ. ಆದರೆ ಸೊನ್ನೆಯನ್ನು ಬಿಟ್ಟಿದ್ದಾಳೆ. ಸೊನ್ನೆಯನ್ನು ಸೊನ್ನೆಯಿಂದ ಗುಣಿಸಿದರೂ ಸೊನ್ನೆ, ಏಳರಿಂದ ಗುಣಿಸಿದರೂ ಸೊನ್ನೆ. ಆ ಸಂಖ್ಯೆ ಸೊನ್ನೆಯೋ ಅಂತ ಕೇಳದೆ ಹೊಡೆದುಹಾಕಿದ್ದೇ ತಪ್ಪು. ಸೊನ್ನೆಯೂ ಒಂದು ಉತ್ತರ."

ಲಿಖಿತದಲ್ಲಿ ತೇರ್ಗಡೆಯಾದವರು ಅರವತ್ತು ಜನ. ಸೀಟು ನಲವತ್ತು. ಅವಳದು ಒಂಬತ್ತನೇ ಸ್ಥಾನ. ಅಮ್ಮ ಆ ದಿನ ಮಂಡಿನೋವು ಮರೆತು ಬಾಗಿಲ ತನಕ ಎದ್ದು ಬಂದು ಬೀದಿಯನ್ನು ನೋಡಿದಳು. ಹೇಳಿಕೊಳ್ಳಲು ಯಾರಾದರೂ ಸಿಗುತ್ತಾರಾ ಅಂತ.

ಸಂದರ್ಶನಕ್ಕೆ ಮೂವರು ಕೂತಿದ್ದರು. ನಡುವೆ ಕರಿಕೋಟು. ಎಡಕ್ಕೆ ಚಿಕ್ಕ ಮೇಡಂ, ವಿಭಾಗಕ್ಕೆ ಹೊಸದಾಗಿ ಸೇರಿದ ಉಪನ್ಯಾಸಕಿ. ಬಲಕ್ಕೆ ಬರೆದುಕೊಳ್ಳಲು ಗುಮಾಸ್ತ. ಇದ್ದದ್ದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು, ಉಗುರಿನ ಸಂದಿಯ ಸುಣ್ಣ ತಿಕ್ಕಿ ತೊಳೆದುಕೊಂಡು ಹೋಗಿದ್ದಳು. ಕರಿಕೋಟಿನ ಕೈಯಲ್ಲಿ ಅವಳ ಉತ್ತರ ಪತ್ರಿಕೆ ಇತ್ತು.

"ಹದಿನೆಂಟನೇ ಪ್ರಶ್ನೆ. ಪೂರ್ತಿ ಸರಿ ಇರೋ ಉತ್ತರಕ್ಕೆ ಎರಡೇ ಅಂಕ ಕೊಟ್ಟಿದ್ದೀಯ. ನಾಳೆ ಟೀಚರಾಗಿ ಮಕ್ಕಳ ಅಂಕ ಕದೀತೀಯಾ?"

"ಪೂರ್ತಿ ಸರಿ ಇಲ್ಲ ಸಾರ್. ಸೊನ್ನೆ ಬಿಟ್ಟಿದ್ದಾಳೆ."

"ಹೌದಾ? ಬೋರ್ಡ್ ಮೇಲೆ ತೋರಿಸು."

ಎದ್ದಳು. ಬೋರ್ಡಿನ ತುಂಬ ಹಿಂದಿನ ಅಭ್ಯರ್ಥಿ ಬರೆದದ್ದು ಇತ್ತು. ಅವಳ ಬಲಗೈ ಡಸ್ಟರಿಗೆ ಹೋಯಿತು. ಮೇಲಿಂದ ಕೆಳಕ್ಕೆ ಒಂದು ಎಳೆತ. ಪಕ್ಕಕ್ಕೆ ಜರುಗಿ ಇನ್ನೊಂದು. ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ಒಂದು ಚುಕ್ಕೆಯೂ ಉಳಿಯದಂತೆ ಒರೆಸಿದಳು. ಕೆಳಗಿನ ಚೌಕಟ್ಟಿನ ಪುಡಿಯನ್ನೂ ಅಂಗೈಗೆ ಬಳಿದುಕೊಂಡು ಬುಟ್ಟಿಗೆ ಹಾಕಿದಳು. ತಿರುಗಿ ನೋಡಿದಾಗಲೇ ತಾನೇನು ಮಾಡಿದೆ ಅಂತ ಗೊತ್ತಾದದ್ದು. ಬರೆಯಲು ಅಂಗೈಯಗಲ ಜಾಗ ಸಾಕಿತ್ತು. ಬೇರೆ ಯಾವ ಅಭ್ಯರ್ಥಿಯೂ ಹಾಗೆ ಒರೆಸಿರಲಿಲ್ಲ.

ಮೊದಲು ನಕ್ಕವನು ಗುಮಾಸ್ತ. ಆಮೇಲೆ ಕರಿಕೋಟು ಬೆನ್ನು ಕುರ್ಚಿಗೆ ಒರಗಿಸಿ ಹೊಟ್ಟೆ ಕುಲುಕಿಸಿ ನಕ್ಕ. ಚಿಕ್ಕ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಕೈಯ ಹಿಂದೆ ಅವಳೂ ನಗುತ್ತಿದ್ದಳು.

"ನೋಡಿ ಮೇಡಂ, ಕೈ ತಾನಾಗೇ ಎಲ್ಲಿಗೆ ಹೋಯ್ತು" ಅಂದ ಕರಿಕೋಟು. "ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತ ಸುಮ್ನೆ ಹೇಳ್ತಾರಾ?"

"ಬರೆದು ತೋರಿಸ್ತೀನಿ ಸಾರ್." ಅವಳ ಕೈಯಲ್ಲಿ ಸೀಮೆಸುಣ್ಣ ಇತ್ತು.

"ಸಾಕು ಸಾಕು. ನಮಗೆ ಉತ್ತರ ಸಿಕ್ತು. ಹೋಗ್ತಾ ಈ ಲೋಟಗಳನ್ನ ತಗೊಂಡ್ಹೋಗು."

ಮೇಜಿನ ಮೇಲೆ ಮೂರು ಲೋಟ ಇದ್ದವು. ಅವಳು ತೆಗೆದುಕೊಂಡು ಹೋದಳು. ನಕ್ಕದ್ದನ್ನು ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ಅವನು ಹೇಳಿದ್ದಕ್ಕೆ ಲೋಟ ಎತ್ತಿಕೊಂಡು ಬಂದೆನಲ್ಲ, ತೊಳೆದೂ ಇಟ್ಟೆನಲ್ಲ ಅನ್ನುವುದು ಮಾತ್ರ ಹೊಟ್ಟೆಯಲ್ಲಿ ಕೆಂಡವಾಗಿ ಕೂತುಬಿಟ್ಟಿತು.

ವಾರ ಕಳೆದು ಗುಮಾಸ್ತ ಎರಡು ಹಾಳೆ ತಂದು ಅವಳ ಕೈಗಿಟ್ಟ. ಅಂಟಿಸು ಅಂದ. ಮೊದಲನೆಯದು ಆಯ್ಕೆಯಾದ ನಲವತ್ತು ಜನರ ಪಟ್ಟಿ. ಬ್ರಷ್ಷು ಅಂಟಿಗೆ ಅದ್ದಿ, ಗೋಡೆಗೆ ಬಳಿದು, ಹಾಳೆಯನ್ನು ಮೇಲಿಂದ ಕೆಳಕ್ಕೆ ನೀವುತ್ತ ಒಂದೊಂದೇ ಹೆಸರು ಓದಿದಳು. ಅವಳ ಹೆಸರಿರಲಿಲ್ಲ. ಎರಡನೆಯದು ತಿರಸ್ಕೃತರ ಪಟ್ಟಿ, ಕಾರಣದ ಸಮೇತ. ಅವಳ ನಂಬರಿನ ಮುಂದೆ ಬರೆದಿತ್ತು: "ಸಂದರ್ಶನದಲ್ಲಿ ಕಂಡುಬಂದಂತೆ ಅಭ್ಯರ್ಥಿಯ ಪ್ರವೃತ್ತಿ ಅನ್ಯ ಕೆಲಸದ ಕಡೆಗಿದೆ." ಅದನ್ನೂ ಅವಳೇ ಅಂಟಿಸಬೇಕಾಯಿತು. ಮೂಲೆಯಲ್ಲಿ ಗಾಳಿ ತುಂಬಿ ಉಬ್ಬಿತ್ತು. ಹೆಬ್ಬೆರಳಲ್ಲಿ ಒತ್ತಿ ಗಾಳಿ ತೆಗೆದಳು. ಹುಡುಗರು ಓದಿ ಅವಳ ಕಡೆ ತಿರುಗಿ ನೋಡಿ, ತಿರುಗಿ ಓದಿದರು.

"ಬಿಟ್ಹಾಕು ಮಗಾ" ಅಂದಳು ಅಮ್ಮ. "ಬಡವನ ಕೋಪ ದವಡೆಗೆ ಮೂಲ."

"ದವಡೆ ಮುರಿದ್ರೂ ಸರಿ ಅಮ್ಮ. ಒಂದ್ಸಲ ಕಚ್ಚಿ ನೋಡ್ತೀನಿ."

"ಏನು ಮಾಡ್ತೀಯ?"

"ಗೊತ್ತಿಲ್ಲ" ಅಂದಳು. ನಿಜವಾಗಿಯೂ ಗೊತ್ತಿರಲಿಲ್ಲ. ದಾರಿಯನ್ನು ಅವನೇ ತೋರಿಸಿಕೊಟ್ಟ.

ತರಬೇತಿಯ ಮಾನ್ಯತೆಯನ್ನು ಐದು ವರ್ಷಕ್ಕೊಮ್ಮೆ ಹೊರಗಿನವರು ಬಂದು ತಪಾಸಣೆ ಮಾಡಬೇಕು. ಆ ವರ್ಷ ತಪಾಸಣೆ ಇತ್ತು. ಹಿಂದಿನ ದಿನ ಮಧ್ಯಾಹ್ನ ದೊಡ್ಡ ಹಾಲಿನ ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸು ಅಂದರು. ಒರೆಸಿದಳು. ಸಂಜೆ ಐದಕ್ಕೆ ಕರಿಕೋಟು ಬಣ್ಣದ ಸೀಮೆಸುಣ್ಣದ ಡಬ್ಬಿ ಹಿಡಿದುಕೊಂಡು ಬಂದ. ಮೇಲೆ ದಪ್ಪಗೆ ಬರೆದ: "ನಮ್ಮ ಪ್ರವೇಶ ಪರೀಕ್ಷೆಯ ಮಾದರಿ ಪ್ರಶ್ನೆ, ಮಾದರಿ ಉತ್ತರ." ಕೆಳಗೆ ಬರೆದದ್ದು ಅದೇ ಹದಿನೆಂಟನೇ ಪ್ರಶ್ನೆ. ಹೊಡೆದುಹಾಕಿದ ಸಾಲು. ಏಳು ಮಾತ್ರ. ನಾಲ್ಕಕ್ಕೆ ನಾಲ್ಕು. ಸುತ್ತ ಹಸಿರು ಚೌಕಟ್ಟು. ಹಿಂದೆ ಸರಿದು ನಿಂತು ತಾನೇ ಮೆಚ್ಚಿಕೊಂಡ. ಆಮೇಲೆ ಮೂಲೆಯಲ್ಲಿ 'ಅಳಿಸಬೇಡಿ' ಅಂತ ಬರೆದು ಸಹಿ ಹಾಕಿದ.

"ಕಂಡ್ಯಾ? ಇದನ್ನ ಮುಟ್ಟೀಯ ಜೋಕೆ" ಅಂದ. "ಒಂದು ಅಕ್ಷರ ಅಳಿಸಿದ್ರೂ ನಾಳೆಯಿಂದ ಕೆಲಸಕ್ಕೆ ಬರೋದು ಬೇಡ."

"ಮುಟ್ಟಲ್ಲ ಸಾರ್" ಅಂದಳು.

ಬಕೆಟ್ಟು ಎತ್ತಿಕೊಂಡು ಹೊರಗೆ ಬಂದವಳಿಗೆ ನಗು ಬಂತು. ಒಂದು ವಾರದಲ್ಲಿ ಮೊದಲ ಸಲ ನಕ್ಕಳು. ಹಿಂದೆ ಆಗಿದ್ದರೆ ಒಂದು ಸೊನ್ನೆ ಬರೆದು ಬರುತ್ತಿದ್ದಳು. ಎರಡು ನಿಮಿಷದ ಕೆಲಸ. ಅವನಿಗೆ ಗೊತ್ತೂ ಆಗುತ್ತಿರಲಿಲ್ಲ.

ಬೆಳಗ್ಗೆ ಬೇಗ ಬಂದಳು. ಹನ್ನೊಂದು ಕೋಣೆಯ ಹನ್ನೊಂದು ಡಸ್ಟರನ್ನೂ ಒಟ್ಟು ಮಾಡಿ ಸೋಪು ನೀರಿನ ಬಕೆಟ್ಟಿಗೆ ಮುಳುಗಿಸಿದಳು. ಒರೆಸುವ ಬಟ್ಟೆಗಳನ್ನೂ ಹಾಕಿದಳು. ತಪಾಸಣೆ, ಎಲ್ಲ ಫಳಫಳ ಅನ್ನಬೇಕು ಅಂತ ಅವರೇ ಹೇಳಿದ್ದರಲ್ಲ. ಫಳಫಳ ಅನ್ನಿಸುವುದಕ್ಕೆ ನೆನೆಸಬೇಕಾಗುತ್ತದೆ.

ಹತ್ತಕ್ಕೆ ಹತ್ತು ನಿಮಿಷ ಇರುವಾಗ ಚಿಕ್ಕ ಮೇಡಂ ಹಾಲಿನಿಂದ ಓಡಿ ಬಂದಳು. ಮುಖ ಬಿಳಿಚಿತ್ತು.

"ಬೋರ್ಡಮ್ಮ, ಆ ಬೋರ್ಡ್ ಒರೆಸು. ಬೇಗ. ಅವರು ಗೇಟಿನ ಹತ್ತಿರ ಬಂದಿದ್ದಾರೆ, ಸಾರ್ ಕರ್ಕೊಂಡ್ಬರೋಕೆ ಹೋಗಿದ್ದಾರೆ."

"ಯಾಕೆ ಮೇಡಂ? ಅಳಿಸಬೇಡಿ ಅಂತ ಸಾರೇ ಬರೆದಿದ್ದಾರೆ."

"ಅದು ತಪ್ಪಿದೆ."

"ಏನು ತಪ್ಪಿದೆ?"

ಚಿಕ್ಕ ಮೇಡಂ ನೆಲ ನೋಡಿದಳು. "ಸೊನ್ನೆ ಬಿಟ್ಟುಹೋಗಿದೆ."

"ನಿಮಗೆ ಯಾವಾಗ ಗೊತ್ತಾಯ್ತು?"

ಚಿಕ್ಕ ಮೇಡಂ ಮತ್ತೆ ಗೇಟಿನ ಕಡೆ ನೋಡಿದಳು. ಸಂದರ್ಶನದ ದಿನವೇ ಗೊತ್ತಿತ್ತು ಅನ್ನುವುದು ಮುಖದಲ್ಲೇ ಬರೆದಿತ್ತು. ಹೇಳಿದರೆ ಕೆಲಸ ಖಾಯಂ ಆಗುವುದಿಲ್ಲ, ಬೆಕ್ಕಿಗೆ ಗಂಟೆ ಕಟ್ಟುವುದು ನನಗ್ಯಾಕೆ ಅಂತ ಸುಮ್ಮನಿದ್ದಳು. ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಅವಳು ನಕ್ಕಿದ್ದಳು.

"ನೀನು ಗೊತ್ತಿಲ್ದೆ ಒರೆಸಿದೆ ಅಂತ ಹೇಳು. ಸಾರ್ ನಿನಗೆ ನಾಲ್ಕು ಮಾತು ಬೈತಾರೆ, ಅಷ್ಟೇ ತಾನೆ? ನಾನು ಬರೆದ್ರೆ ನನ್ನ ಅಕ್ಷರ ಗೊತ್ತಾಗುತ್ತೆ. ಮುಂದಿನ ವರ್ಷ ನಿನ್ನ ಸೀಟಿನ ವಿಷಯ ನಾನು ಮಾತಾಡ್ತೀನಿ."

"ಮುಂದಿನ ವರ್ಷ ನನಗೆ ಮೂವತ್ತೈದು ತುಂಬಿರುತ್ತೆ ಮೇಡಂ. ಆ ನಿಯಮ ನಾನೇ ಅಂಟಿಸಿದ್ದು."

"ನಿನ್ನ ದಮ್ಮಯ್ಯ ಅಂತೀನಿ. ಒರೆಸು."

"ಒರೆಸಲ್ಲ."

ಹದಿನೈದು ವರ್ಷದಲ್ಲಿ ಆ ಕಟ್ಟಡದಲ್ಲಿ ಅವಳು ಆ ಮಾತು ಆಡಿದ್ದು ಅದೇ ಮೊದಲು. ಬಾಯಿಂದ ಬಂದದ್ದೇ ಎದೆ ಹಗುರಾಯಿತು. ಇನ್ನೊಂದು ಸಲ ಅಂದಳು, ರುಚಿ ನೋಡುವುದಕ್ಕೆ. "ನಾನು ಒರೆಸಲ್ಲ. ನನ್ನ ಪ್ರವೃತ್ತಿ ಅನ್ಯ ಕೆಲಸದ ಕಡೆಗಿದೆ ಮೇಡಂ. ಬೇಕಾದ್ರೆ ನೀವೇ ಒರೆಸಿ."

ಚಿಕ್ಕ ಮೇಡಂ ಡಸ್ಟರ್ ಹುಡುಕಿಕೊಂಡು ಮೂರು ಕೋಣೆ ಸುತ್ತಿದಳು. ಬಕೆಟ್ಟಿನಲ್ಲಿ ಎಲ್ಲ ಡಸ್ಟರು ನೊರೆಯಲ್ಲಿ ಮುಳುಗಿದ್ದವು. ಹಾಲಿಗೆ ಹೋಗಿ ಬೋರ್ಡಿನ ಎದುರು ನಿಂತು ತನ್ನ ತೋಳು ನೋಡಿಕೊಂಡಳು. ಹೊಸ ಬಟ್ಟೆ, ತಪಾಸಣೆಗೆಂದೇ ಹಾಕಿಕೊಂಡು ಬಂದದ್ದು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು.

ಬಂದವರು ಮೂವರು. ಮುಂದಿನವಳು ಬಿಳಿಗೂದಲ ಹೆಂಗಸು, ಅವರ ಮುಖ್ಯಸ್ಥೆ. ಕರಿಕೋಟು ಪಕ್ಕದಲ್ಲಿ ನಡೆಯುತ್ತ, ನಾವು ಆಯ್ಕೆಯಲ್ಲಿ ಎಷ್ಟು ಕಟ್ಟುನಿಟ್ಟು ಅನ್ನುವುದನ್ನು ಹೇಳುತ್ತಲೇ ಇದ್ದ. ಹೆಂಗಸು ಬೋರ್ಡಿನ ಎದುರು ನಿಂತಳು. ಒಂದು ಸಲ ಓದಿದಳು. ಕನ್ನಡಕ ಒರೆಸಿಕೊಂಡು ಮತ್ತೊಂದು ಸಲ ಓದಿದಳು.

"ಸೊನ್ನೆ ಎಲ್ಲಿ?" ಅಂದಳು.

ಹಾಲಿನ ಬೆಂಚುಗಳಲ್ಲಿ ಕೂರಿಸಿದ್ದ ಹುಡುಗರೂ ಬೋರ್ಡಿನ ಕಡೆ ನೋಡಿದರು. ಕರಿಕೋಟಿನ ಕಣ್ಣು ಬೋರ್ಡಿನ ಮೇಲೆ ಮೇಲಿಂದ ಕೆಳಗೆ ಓಡಿತು. ಅವನು ದಡ್ಡನೇನಲ್ಲ. ನೋಡಿದ ಕೂಡಲೇ ಗೊತ್ತಾಯಿತು. ಕಿವಿ ಕೆಂಪಾಯಿತು.

"ನಾನು ಬರೆದಿದ್ದೆ ಮೇಡಂ. ಇಲ್ಲೇ ಪಕ್ಕದಲ್ಲಿ, 'ಮತ್ತು ಸೊನ್ನೆ' ಅಂತ. ಯಾರೋ ಅಳಿಸಿದ್ದಾರೆ."

ಅಳಿಸಿದ್ದಾರೆ ಅಂತ ಯಾರೂ ಅಂದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ಬಾಗಿಲ ಕಡೆ ತಿರುಗಿದ. ಬಾಗಿಲಲ್ಲಿ ಅವಳು ಬಕೆಟ್ಟು ಹಿಡಿದುಕೊಂಡು ನಿಂತಿದ್ದಳು.

"ಇವಳೇ. ನೆಲ ಒರೆಸೋಳು. ಕೈ ಸುಮ್ನಿರಲ್ಲ ಇವಳಿಗೆ, ಕಂಡಿದ್ದೆಲ್ಲ ಒರೆಸ್ತಾಳೆ. ಏಯ್, ನೀನೇ ಒರೆಸಿದ್ದಲ್ವಾ?"

ಅವನ ಕಣ್ಣು ಬೇರೇನೋ ಹೇಳುತ್ತಿತ್ತು. ಅದನ್ನು ಚಿಕ್ಕ ಮೇಡಂ ಬಾಗಿಲಿಗೆ ಸರಿದು ಬಂದು ಅವಳ ಕಿವಿಯ ಬಳಿ ಬಾಯಿಬಿಟ್ಟು ಹೇಳಿದಳು. "ಹೂಂ ಅನ್ನು. ಈ ವರ್ಷವೇ ಸೀಟು ಕೊಡಿಸ್ತಾರೆ. ಒಂದು ಹೂಂ ಅನ್ನು ಸಾಕು."

ಸುಳ್ಳು ಹೇಳುತ್ತಿರಲಿಲ್ಲ ಚಿಕ್ಕ ಮೇಡಂ. ಹೂಂ ಅಂದಿದ್ದರೆ ಅವನು ಸೀಟು ಕೊಡುತ್ತಿದ್ದ. ಕೊಡಲೇಬೇಕಿತ್ತು. ಅವಳ ಹದಿನೈದು ವರ್ಷ, ಆರು ವರ್ಷದ ಓದು, ಅಮ್ಮನ ಮಂಡಿ ಎಲ್ಲ ಆ ಒಂದು ಹೂಂ ಮೇಲೆ ನಿಂತಿತ್ತು. ಅವಳಿಗೆ ಸೀಟು ಬೇಕಾಗಿತ್ತು, ಹಸಿದವರಿಗೆ ಅನ್ನ ಬೇಕಾಗುವಷ್ಟು ಬೇಕಾಗಿತ್ತು. ಆದರೆ ಆ ಮೂರು ಲೋಟ ಕಣ್ಣ ಮುಂದೆ ಬಂದವು.

ಬಿಳಿಗೂದಲ ಹೆಂಗಸು ಕೇಳಿದಳು. "ನೀವು ಅಳಿಸಿದ್ರಾ ಅಮ್ಮ?"

ಆ ಕಟ್ಟಡದಲ್ಲಿ ದೊಡ್ಡವರು ಯಾರಾದರೂ ಅವಳಿಗೆ 'ನೀವು' ಅಂದದ್ದು ಅದೇ ಮೊದಲು.

"ಇಲ್ಲಮ್ಮ. ಅಳಿಸಬೇಡಿ ಅಂತ ಸಾರ್ ಬರೆದು ಸಹಿ ಹಾಕಿದ್ದಾರೆ. ನಾನು ಮುಟ್ಟಿಲ್ಲ."

"ಸುಳ್ಳು" ಅಂದ ಕರಿಕೋಟು.

ಅವಳು ಬಕೆಟ್ಟು ಕೆಳಗಿಟ್ಟಳು. ಹಾಲಿನ ನಡುವೆ ನಡೆದು ಬೋರ್ಡಿನ ಹತ್ತಿರ ಹೋದಳು.

"ಅಮ್ಮ, ನೀವು ಇಲ್ಲಿ ಕಿಟಕಿ ಪಕ್ಕ ಬಂದು ಓರೆಯಿಂದ ನೋಡಿ. ನೇರ ನೋಡಿದ್ರೆ ಕಾಣಲ್ಲ."

ಹೆಂಗಸು ಬಂದು ನಿಂತಳು.

"ಒದ್ದೆ ಬಟ್ಟೆಯಲ್ಲಿ ಒರೆಸಿದ ಬೋರ್ಡು ಒಣಗಿದ ಮೇಲೆ ಎಳೆ ಉಳಿಯುತ್ತೆ. ನಾನು ಮೇಲಿಂದ ಕೆಳಕ್ಕೆ ಒರೆಸ್ತೀನಿ. ಅದಕ್ಕೆ ಎಳೆ ಎಲ್ಲ ಉದ್ದಕ್ಕೆ ಇದೆ ನೋಡಿ, ಮೇಲಿನ ಅಂಚಿಂದ ಕೆಳಗಿನ ಅಂಚಿನ ತನಕ. ಅದರ ಮೇಲೆ ಆಮೇಲೆ ಯಾರಾದ್ರೂ ಒಂದು ಅಕ್ಷರ ಬರೆದು ಅಳಿಸಿದ್ರೆ ಎಳೆ ಅಲ್ಲಿ ಕಡಿದುಹೋಗುತ್ತೆ, ಬೆಳ್ಳಗೆ ಹರಡುತ್ತೆ. ಏಳರ ಪಕ್ಕ ಎಳೆ ಕಡಿದಿದ್ಯಾ?"

ಹೆಂಗಸು ಬಾಗಿ ನೋಡಿದಳು. ಜೊತೆಗಿದ್ದ ಇಬ್ಬರೂ ಓರೆಯಿಂದ ನೋಡಿದರು.

"ಎಲ್ಲೂ ಕಡಿದಿಲ್ಲ" ಅಂದಳು ಹೆಂಗಸು.

"ಹಸಿರು ಚೌಕಟ್ಟೂ ಏಳಕ್ಕೆ ಅಂಟಿಕೊಂಡೇ ಇದೆ. 'ಮತ್ತು ಸೊನ್ನೆ' ಬರೆಯೋಕೆ ಅಲ್ಲಿ ಜಾಗವೇ ಇರಲಿಲ್ಲ." ಪ್ರಶ್ನೆಯ ಸಾಲಿಗೆ ಬೆರಳು ತೋರಿಸಿದಳು. "ಇದೇ ಪ್ರಶ್ನೆಗೆ ನಾನು ಎರಡು ಅಂಕ ಕೊಟ್ಟೆ, ಸೊನ್ನೆ ಬಿಟ್ಟಿದ್ದಾಳೆ ಅಂತ ಬರೆದೆ. ಸಾರ್ ಅದಕ್ಕೆ ಕೆಂಪು ಗೀಟು ಹಾಕಿದ್ದಾರೆ. ಬೋರ್ಡ್ ಮೇಲೆ ತೋರಿಸ್ತೀನಿ ಅಂದ್ರೆ ನಕ್ಕರು. ಲೋಟ ತಗೊಂಡ್ಹೋಗು ಅಂದ್ರು. ಪತ್ರಿಕೆ ಆಫೀಸಿನ ಕಪಾಟಿನ ಎರಡನೇ ಖಾನೆಯಲ್ಲಿದೆ. ತರಿಸಿ ನೋಡಿ."

"ನೀವು ಪರೀಕ್ಷೆ ಬರೆದ್ರಾ?" ಅಂದಳು ಹೆಂಗಸು.

"ಬರೆದೆ. ಒಂಬತ್ತನೇ ಸ್ಥಾನ."

ಪತ್ರಿಕೆ ಬಂತು. ಹದಿನೆಂಟನೇ ಪ್ರಶ್ನೆಯ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ಕರಿಕೋಟಿನ ಅಕ್ಷರದಲ್ಲಿ 'ತಪ್ಪು', ಕೆಳಗೆ ದೊಡ್ಡದೊಂದು ಸೊನ್ನೆ. ಹೆಂಗಸು ಅದನ್ನು ಓದಿ ಕರಿಕೋಟಿನ ಕೈಗೆ ಕೊಟ್ಟಳು.

"ಇಲ್ಲಿ ಮಾತ್ರ ನಿಮಗೆ ಸೊನ್ನೆ ನೆನಪಾಗಿದೆ" ಅಂದಳು.

ಹಾಲಿನ ಹಿಂದಿನ ಸಾಲಿನಲ್ಲಿ ಯಾರೋ ಹುಡುಗ ಕಿಸಕ್ಕನೆ ನಕ್ಕ. ಆಮೇಲೆ ಇನ್ನೊಬ್ಬ. ನಗು ಹಿಂದಿನಿಂದ ಮುಂದಕ್ಕೆ ಬಂತು. ಕರಿಕೋಟು ಹಾಳೆ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದ. ಅವಳು ಆ ನಗುವನ್ನು ಕೊನೆಯ ತನಕ ಕೇಳಿದಳು. ಮರುಕ ಬರಲಿಲ್ಲ. ಬರಲಿ ಅಂತ ಕಾಯಲೂ ಇಲ್ಲ.

ಅದೇ ಸಂಜೆ ಕೆಲಸದ ಗುತ್ತಿಗೆದಾರ ಅವಳಿಗೆ ನಾಳೆಯಿಂದ ಬರಬೇಡ ಅಂದ. ಹೋದರೆ ಹೋಗಲಿ ಅಂತ ಅಷ್ಟು ಸುಲಭವಾಗಿ ಹೇಳುವ ಹಾಗಿರಲಿಲ್ಲ. ಎರಡು ತಿಂಗಳು ಒಂದು ಹಾಸ್ಟೆಲಿನಲ್ಲಿ ಪಾತ್ರೆ ತೊಳೆದಳು. ಸೀಳಿದ ಬೆರಳಿಗೆ ಬಿಸಿನೀರು, ಬೂದಿ. ಅಮ್ಮ ದವಡೆಯ ಗಾದೆಯನ್ನು ಮತ್ತೆ ಎತ್ತಲಿಲ್ಲ. ಬದಲಿಗೆ ಒಂದು ದಿನ ಕೇಳಿದಳು. "ಅವನ ಕಿವಿ ಎಷ್ಟು ಕೆಂಪಾಗಿತ್ತು ಅಂದೆ?" ಮಗಳು ಮತ್ತೊಮ್ಮೆ ಮೊದಲಿಂದ ಹೇಳಿದಳು. ಅಮ್ಮ ಆ ಕಥೆಯನ್ನು ವಾರಕ್ಕೊಮ್ಮೆ ಕೇಳುತ್ತಿದ್ದಳು.

ತಪಾಸಣೆಯವರು ಮಾನ್ಯತೆ ತಡೆಹಿಡಿದರು. ಹದಿನೆಂಟನೇ ಪ್ರಶ್ನೆಯನ್ನು ಎಲ್ಲರ ಪತ್ರಿಕೆಯಲ್ಲೂ ಮತ್ತೆ ತಿದ್ದಬೇಕು, ಸಂದರ್ಶನ ಹೊರಗಿನವರು ಮಾಡಬೇಕು, ಆಮೇಲೇ ಮಾನ್ಯತೆ ಅಂದರು. ಇನ್ನೂರ ಹನ್ನೆರಡು ಜನರಲ್ಲಿ ಸೊನ್ನೆ ಕಂಡವರು ಮೂವರೇ. ಹೊಸ ಸಂದರ್ಶನದಲ್ಲಿ ಅವಳನ್ನು ಬೋರ್ಡಿಗೆ ಕರೆದಾಗ, ಡಸ್ಟರ್ ಮುಟ್ಟದೆ ಮೂಲೆಯಲ್ಲಿ ಇದ್ದ ಜಾಗದಲ್ಲೇ ಬರೆದಳು. ಹೊಸ ಪಟ್ಟಿಯನ್ನು ಗುಮಾಸ್ತನೇ ಅಂಟಿಸಬೇಕಾಯಿತು. ಸೊಟ್ಟಗೆ ಅಂಟಿಸಿದ್ದ. ಏಳನೇ ಹೆಸರು ಅವಳದು.

ಮೂವತ್ತೈದು ತುಂಬಲು ಇಪ್ಪತ್ತು ದಿನ ಇರುವಾಗ ತರಗತಿ ಶುರುವಾಯಿತು. ಮೊದಲ ಸಾಲಿನ ಬೆಂಚಿನಲ್ಲಿ ಕೂತಳು. ಎಷ್ಟೋ ಸಲ ಒರೆಸಿದ ಬೆಂಚು, ಕೂತದ್ದು ಇದೇ ಮೊದಲು. ಕರಿಕೋಟಿಗೆ ಮುಖ್ಯಸ್ಥನ ಕುರ್ಚಿ ಹೋಗಿತ್ತು, ಪಾಠ ಹೋಗಿರಲಿಲ್ಲ. ಮೊದಲ ಪಾಠ ಅವನದೇ. ಬಂದು ನಿಂತ. ಬೋರ್ಡಿನ ತುಂಬ ಹಿಂದಿನ ತರಗತಿಗೆ ಅವನೇ ಬರೆದದ್ದು ಇತ್ತು. ಅವಳ ಜಾಗಕ್ಕೆ ಇನ್ನೂ ಯಾರನ್ನೂ ಇಟ್ಟುಕೊಂಡಿರಲಿಲ್ಲ.

ಅವನು ಕಾದ. ತರಗತಿಯೂ ಕಾಯಿತು.

"ಬೋರ್ಡ್ ಯಾರು ಒರೆಸ್ತಾರೆ?" ಅಂದ, ಯಾರ ಕಡೆಗೂ ನೋಡದೆ.

ಮೂವತ್ತೊಂಬತ್ತು ತಲೆಗಳು ಅವಳ ಕಡೆ ತಿರುಗಿದವು. ಅವಳ ಬಲಗೈ ತಾನಾಗಿಯೇ ಬೆಂಚಿನಿಂದ ಮೇಲೆದ್ದಿತು. ಅದನ್ನು ಹಿಡಿದು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಭಾರ ಬಿಟ್ಟು ಕೂತಳು. ಅವನ ಕೋಣೆಯಲ್ಲಿ ಸಿಗದಿದ್ದ ಉತ್ತರ ಈಗ ಸಿಕ್ಕಿತು.

"ಬರೆದವರು ಒರೆಸಲಿ ಸಾರ್."

ಯಾರೂ ಏಳಲಿಲ್ಲ. ಅವನು ಬಾಗಿಲು ನೋಡಿದ, ಕಿಟಕಿ ನೋಡಿದ, ಕೊನೆಗೆ ಡಸ್ಟರ್ ತೆಗೆದುಕೊಂಡ. ಅಡ್ಡಡ್ಡ ಒರೆಸತೊಡಗಿದ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಒರೆಸಿದಷ್ಟೂ ಬಿಳಿ ಹರಡಿತು. ಪುಡಿ ಕರಿಕೋಟಿನ ತೋಳಿಗೆ, ಎದೆಗೆ, ಕಾಲರಿಗೆ ಬಿತ್ತು. ಕೆಮ್ಮಿದ. ಬೋರ್ಡಿನ ತುಂಬ ಗೆರೆ ಉಳಿಯಿತು.

ಮೇಲಿಂದ ಕೆಳಕ್ಕೆ, ಒಂದೇ ಎಳೆತ. ಅಷ್ಟೇ ಹೇಳಿಕೊಟ್ಟರೆ ಸಾಕಿತ್ತು. ಅವಳು ಅಲ್ಲಿಗೆ ಬಂದದ್ದೇ ಹೇಳಿಕೊಡುವುದನ್ನು ಕಲಿಯಲು. ಅವನಿಗೆ ಮಾತ್ರ ಹೇಳಿಕೊಡಲಿಲ್ಲ.